ಹೆಸರು ಹಿಡಿದು ಕರೆಯುವ ಕುರಿಗಾಹಿ

(ಶತಮಾನೋತ್ಸವದ ಅಂಗವಾಗಿ ಜರುಗಿದ ಧರ್ಮಕೇಂದ್ರದ ಸಭೆಯಲ್ಲಿ ಗುರುಗಳು ನೀಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಸಂಭ್ರಮದಲ್ಲಿ, ಸಂಚಿಕೆಗೆ ಬೇಕಾದ ವಿವರಗಳನ್ನು ಹುಡುಕುತ್ತಾ ನಾವು ಹಲವು ರಾತ್ರಿಗಳನ್ನು ಗುರುಮನೆಯಲ್ಲಿ ಜ್ಞಾನಸ್ನಾನದ ಪುಸ್ತಕಗಳೊಡನೆ ಕಳೆದೆವು. ನಿಮ್ಮ ಅಜ್ಜ ಅಜ್ಜಿಯರ ಹೆಸರುಗಳು ಅಲ್ಲಿವೆ. ಪ್ರತಿಯೊಂದು ಹೆಸರಿನ ಪಕ್ಕದ ಅಂಚಿನಲ್ಲಿ ಮುಂದೆ ಆ ವ್ಯಕ್ತಿಯ ದೃಢೀಕರಣ, ವಿವಾಹ ಅಥವಾ ಸನ್ಯಾಸ ವ್ರತವನ್ನು ಬರೆದಿಡುವುದು ಧರ್ಮಸಭೆಯ ನಿಯಮ. ಕೆಲವರ ಅಂಚು ಮಾತ್ರ ಖಾಲಿಯಾಗಿಯೇ ಉಳಿಯುತ್ತದೆ. ಊರು ಬಿಟ್ಟು ಹೋದವರು ಸುದ್ದಿ ಕಳುಹಿಸಿರುವುದಿಲ್ಲ, ಅಷ್ಟೇ ಎಂದುಕೊಂಡು ನಾವು ಪುಟ ತಿರುವುತ್ತೇವೆ.

ಆದರೆ ಹಿಂದೆ ನಾವು ಸೇವೆ ಸಲ್ಲಿಸಿದ ಬೇರೊಂದು ಧರ್ಮಕೇಂದ್ರದ ಪುಸ್ತಕದಲ್ಲಿದ್ದ ಒಂದು ಖಾಲಿ ಅಂಚಿನ ಕಾರಣವನ್ನು ನಾವು ಬಲ್ಲೆವು. ಅದನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಪ್ರತಿ ಭಾನುವಾರ ಬಲಿಪೂಜೆಗೆ ಬರುತ್ತಿದ್ದ ಹೆಂಗಸೊಬ್ಬಳು ಒಂದು ದಿನ ಬಡ ತಾಯಿಯೊಬ್ಬಳನ್ನು ಗುರುಮನೆಗೆ ಕರೆತಂದಳು. ಆ ತಾಯಿಯ ಹದಿನೈದು ವರ್ಷದ ಮಗಳಿಗೆ ನಗರದ ದೊಡ್ಡ ಮನೆಯಲ್ಲಿ ಕೆಲಸ ಸಿಕ್ಕಿದೆ, ಓದಿಗೂ ಅನುಕೂಲ ಮಾಡಿಕೊಡುತ್ತಾರೆ, ಜ್ಞಾನಸ್ನಾನದ ಪತ್ರವೂ ನಡತೆಯ ಪತ್ರವೂ ಬೇಕೆಂದರು. ನಾವು ಎರಡನ್ನೂ ಬರೆದು, ಮುದ್ರೆಯೊತ್ತಿ, ಆಶೀರ್ವದಿಸಿ ಕಳುಹಿಸಿದೆವು. ಆ ಮನೆ ಯಾವ ಬೀದಿಯಲ್ಲಿದೆ, ಯಜಮಾನರು ಯಾರು ಎಂದು ಕೇಳಲಿಲ್ಲ. ಎರಡು ತಿಂಗಳು ಹಣ ಬಂದಿತು. ಅನಂತರ ಹಣವೂ ಇಲ್ಲ, ಸುದ್ದಿಯೂ ಇಲ್ಲ. ಎರಡು ವರ್ಷಗಳ ಬಳಿಕ ದೂರದ ನಗರವೊಂದರಲ್ಲಿ ಕನ್ಯಾಭಗಿನಿಯರು ಆಕೆಯನ್ನು ಎಂಥ ಸ್ಥಳದಿಂದ ಬಿಡಿಸಿ ತಂದರೆಂಬುದನ್ನು ಈ ಸಭೆಯಲ್ಲಿ ವಿವರಿಸಬೇಕಾಗಿಲ್ಲ. ಕ್ಷಮೆ ಕೇಳಲು ಹೋದಾಗ ಆ ತಾಯಿ ನಮ್ಮನ್ನು ಬೈಯಲಿಲ್ಲ. "ನೀವು ಕಾಗದ ಕೊಟ್ಟಿರಲ್ಲ ಸ್ವಾಮಿ, ಅದಕ್ಕೇ ಧೈರ್ಯವಾಗಿ ಕಳಿಸಿದೆ" ಎಂದಳು. ಅಂದಿನಿಂದ ಯಾವ ಪತ್ರಕ್ಕೆ ಮುದ್ರೆಯೊತ್ತುವಾಗಲೂ ಆ ಮಾತು ನಮ್ಮ ಕಿವಿಯಲ್ಲಿದೆ.

ಪ್ರಿಯರೇ, ಮಾನವ ಕಳ್ಳಸಾಗಣೆಯೆಂದರೆ ಕತ್ತಲಲ್ಲಿ ಬಂದು ಎತ್ತಿಕೊಂಡು ಹೋಗುವವರ ಕೆಲಸವೆಂದು ನಾವು ತಿಳಿದಿರುತ್ತೇವೆ. ಬಹಳ ಸಲ ಅದು ಹಗಲಿನಲ್ಲಿ, ಪರಿಚಿತ ಮುಖದಿಂದ, ಸವಿಮಾತಿನಿಂದ ಆರಂಭವಾಗುತ್ತದೆ. ಸಂತ ಜೋಸೆಫಿನ್ ಬಖೀತಾರ ಚರಿತ್ರೆಯೂ ಇದನ್ನೇ ಸಾರುತ್ತದೆ. ಸುಮಾರು 1869ರಲ್ಲಿ ಸುಡಾನಿನ ಡಾರ್ಫುರ್ ಪ್ರಾಂತದಲ್ಲಿ ಹುಟ್ಟಿದ ಆ ಬಾಲೆಯನ್ನು, ಕಾಡಂಚಿನಲ್ಲಿ ಬಿಟ್ಟಿರುವ ಗಂಟೊಂದನ್ನು ತಂದುಕೊಡು ಎಂದು ಕೇಳಿಯೇ ಅಪರಿಚಿತರಿಬ್ಬರು ಅಪಹರಿಸಿದರು. ಹಲವು ಸಲ ಸಂತೆಯಲ್ಲಿ ಮಾರಾಟವಾದ ಆಕೆಯ ಮೈಮೇಲೆ ಒಡತಿಯೊಬ್ಬಳು ನೂರಕ್ಕೂ ಮೀರಿ ಗಾಯದ ಗುರುತುಗಳನ್ನು ಕೊರೆಸಿದಳು. ಭಯದಿಂದ ಆಕೆ ತಂದೆತಾಯಿ ಇಟ್ಟ ಹೆಸರನ್ನೇ ಮರೆತಳು. 'ಭಾಗ್ಯವಂತೆ' ಎಂಬ ಅರ್ಥದ ಬಖೀತಾ ಎಂಬ ಹೆಸರು ಅಪಹರಿಸಿದವರು ಕೊಟ್ಟದ್ದು.

1885ರಲ್ಲಿ ಇಟಲಿಗೆ ಬಂದ ಬಖೀತಾ ವೆನಿಸ್ ನಗರದಲ್ಲಿ ಕನೋಸಿಯನ್ ಭಗಿನಿಯರ ಆಶ್ರಯದಲ್ಲಿದ್ದಳು. ಒಡತಿ ಆಫ್ರಿಕಕ್ಕೆ ಮರಳಿ ಕರೆದೊಯ್ಯಲು ಬಂದಾಗ ಆಕೆ ಹೋಗಲೊಪ್ಪಲಿಲ್ಲ. ಭಗಿನಿಯರು ಆಕೆಯ ಪಕ್ಷ ವಹಿಸಿದರು. ಇಟಲಿಯ ಕಾನೂನು ಗುಲಾಮಗಿರಿಯನ್ನು ಮಾನ್ಯ ಮಾಡುವುದಿಲ್ಲ, ಆದ್ದರಿಂದ ಈಕೆ ಸ್ವತಂತ್ರಳೆಂದು 1889ರ ನವೆಂಬರ್ 29ರಂದು ನ್ಯಾಯಾಲಯ ತೀರ್ಪಿತ್ತಿತು. 1890ರ ಜನವರಿ 9ರಂದು ಆಕೆ ಜ್ಞಾನಸ್ನಾನ ಪಡೆದು, ಜೋಸೆಫಿನ್ ಎಂಬ ಹೆಸರನ್ನು ಸ್ವಇಚ್ಛೆಯಿಂದ ಧರಿಸಿದಳು. ಮುಂದೆ ತಾನೂ ಕನೋಸಿಯನ್ ಭಗಿನಿಯಾಗಿ, ಸ್ಕಿಯೋ ಪಟ್ಟಣದ ಮಠದಲ್ಲಿ ಅಡಿಗೆ, ಹೊಲಿಗೆ, ಬಾಗಿಲು ಕಾಯುವ ಕೆಲಸಗಳನ್ನು ಮಾಡುತ್ತಾ 1947ರ ಫೆಬ್ರವರಿ 8ರಂದು ದೈವಾಧೀನರಾದರು. 2000ದಲ್ಲಿ ಸಂತ ಪದವಿಗೇರಿದ ಇವರ ಸ್ಮರಣೆಯ ದಿನವನ್ನು 2015ರಿಂದ ಕಳ್ಳಸಾಗಣೆಯ ವಿರುದ್ಧ ಪ್ರಾರ್ಥನೆಯ ದಿನವನ್ನಾಗಿ ವಿಶ್ವದಾದ್ಯಂತ ಆಚರಿಸಲಾಗುತ್ತಿದೆ.

ಈ ಸೇವೆ ನಮ್ಮ ನಾಡಿಗೂ ಹೊಸತಲ್ಲ. ಸಂಕಷ್ಟದಲ್ಲಿರುವ ಸ್ತ್ರೀಯರಿಗೂ ಬಾಲೆಯರಿಗೂ ಆಸರೆಯಾಗಲೆಂದು ಸಂತ ಮೇರಿ ಯುಫ್ರೇಸಿಯಾ ಪೆಲ್ಲೆಟಿಯೆ ಅವರು ಫ್ರಾನ್ಸಿನ ಆಂಜೆ ನಗರದಲ್ಲಿ 1835ರಲ್ಲಿ ಸ್ಥಾಪಿಸಿದ ಗುಡ್ ಶೆಫರ್ಡ್ ಸಭೆಯ ಭಗಿನಿಯರು 1854ರಲ್ಲಿಯೇ ಬೆಂಗಳೂರಿಗೆ ಆಗಮಿಸಿದರು. ಒಂದು ಜೀವದ ಬೆಲೆ ಇಡೀ ಲೋಕಕ್ಕಿಂತ ಹೆಚ್ಚೆಂಬುದು ಅವರ ಸಂಸ್ಥಾಪಕಿಯ ಬೋಧೆ. ಆದರೆ ಸತ್ಯವನ್ನು ಮರೆಮಾಚಬಾರದು. ಐರ್ಲೆಂಡ್ ದೇಶದಲ್ಲಿ ಭಗಿನಿಯರು ನಡೆಸುತ್ತಿದ್ದ ಮಗ್ದಲೇನ ಬಟ್ಟೆಮಡಿ ಮಾಡುವ ಮನೆಗಳಲ್ಲಿ ಅನೇಕ ಸ್ತ್ರೀಯರು ಸೆರೆಯಾಳುಗಳಂತೆ ಕೂಲಿಯಿಲ್ಲದೆ ದುಡಿದರು. ಅದರಲ್ಲಿ ಸರ್ಕಾರಕ್ಕಿದ್ದ ಪಾಲಿಗಾಗಿ ಆ ದೇಶದ ಪ್ರಧಾನಿ 2013ರಲ್ಲಿ ಕ್ಷಮೆ ಯಾಚಿಸಬೇಕಾಯಿತು. ಅನ್ಯಾಯಕ್ಕೆ ಗುರಿಯಾದವಳನ್ನು ಪಾಪಿಯೆಂದು ಎಣಿಸಿ ಆಶ್ರಯ ಕೊಟ್ಟರೆ, ಆ ಆಶ್ರಯವೇ ಸೆರೆಮನೆಯಾಗುತ್ತದೆಂಬ ಪಾಠ ಇದರಲ್ಲಿದೆ.

ಹಾಗಾದರೆ ನಮ್ಮ ಮಾದರಿ ಯಾವುದು? ಯಾಯೀರನ ಹನ್ನೆರಡು ವರ್ಷದ ಮಗಳ ವೃತ್ತಾಂತವನ್ನು ನೆನೆಯಿರಿ. ಪ್ರಭು ಮೊದಲು ಗೇಲಿ ಮಾಡುತ್ತಿದ್ದವರನ್ನು ಹೊರಗೆ ಕಳುಹಿಸಿದರು. ಅನಂತರ ಆಕೆಯ ಕೈಹಿಡಿದು ಎಬ್ಬಿಸಿದರು. ಕೊನೆಗೆ, ಆಕೆಗೆ ಊಟ ಕೊಡಿರೆಂದು ಮನೆಯವರಿಗೆ ಹೇಳಿದರು. ಅಂದು ಪ್ರಭು ನುಡಿದ 'ತಲಿಥಾ ಕೂಮ್' ಎಂಬ ಮಾತನ್ನೇ ಹೆಸರಾಗಿಸಿಕೊಂಡು 2009ರಲ್ಲಿ ವಿವಿಧ ಸಭೆಗಳ ಭಗಿನಿಯರು ಅಂತಾರಾಷ್ಟ್ರೀಯ ಜಾಲವೊಂದನ್ನು ಸ್ಥಾಪಿಸಿದ್ದಾರೆ. ಭಾರತದಲ್ಲಿಯೂ ಅದರ ಕಾರ್ಯ ನಡೆಯುತ್ತಿದೆ. ಬಿಡಿಸುವುದು ಒಂದು ದಿನದ ಕೆಲಸ. ಊಟ ಕೊಡುವುದು, ಅಂದರೆ ಓದು, ಕಸುಬು, ಮರ್ಯಾದೆಯ ಬದುಕು ಕಟ್ಟಿಕೊಡುವುದು ವರ್ಷಗಳ ಕೆಲಸ. ಗೇಲಿ ಮಾಡುವವರನ್ನು ಹೊರಗಿಡುವುದಂತೂ ಊರಿನವರಾದ ನಮ್ಮಿಂದಲೇ ಆಗಬೇಕು. ಮರಳಿ ಬಂದ ಆ ಹುಡುಗಿ ತನ್ನ ಹಳ್ಳಿಯಲ್ಲಿ ಮೂರು ತಿಂಗಳೂ ನಿಲ್ಲಲಾಗಲಿಲ್ಲ. ಆಕೆಯನ್ನು ಓಡಿಸಿದ್ದು ದಲ್ಲಾಳಿಗಳಲ್ಲ, ಬಾವಿಕಟ್ಟೆಯ ಮಾತುಗಳು.

ನಮ್ಮ ಸಂವಿಧಾನದ 23ನೆಯ ವಿಧಿ ಮನುಷ್ಯರ ಮಾರಾಟವನ್ನು ನಿಷೇಧಿಸಿದೆ. ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮಿನಂತೆ, ಸಾಗಣೆಗೆ ಒಳಗಾದವರ ಒಪ್ಪಿಗೆ ಇತ್ತೆಂದು ಹೇಳಿ ಅಪರಾಧಿ ಪಾರಾಗುವಂತಿಲ್ಲ. ಆದರೆ ಕಾನೂನಿಗೆ ನಮ್ಮ ಕಣ್ಣುಕಿವಿಗಳೂ ಬೇಕು. ಆದ್ದರಿಂದ ಧರ್ಮಕೇಂದ್ರದ ಸಮಿತಿಯೊಡನೆ ಆಲೋಚಿಸಿ ನಾವು ಕೆಲವು ನಿರ್ಣಯಗಳನ್ನು ಕೈಗೊಂಡಿದ್ದೇವೆ. ಹದಿನೆಂಟು ತುಂಬದ ಯಾರಿಗೂ ಹೊರಊರಿನ ಕೆಲಸಕ್ಕಾಗಿ ಈ ಗುರುಮನೆಯಿಂದ ಪತ್ರ ದೊರೆಯುವುದಿಲ್ಲ. ಹದಿನೆಂಟು ತುಂಬಿದವರು ಕೆಲಸ ಕೊಡುವವರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಕೊಡಬೇಕು. ಅಲ್ಲಿಯ ಧರ್ಮಕೇಂದ್ರದ ಗುರುಗಳಿಂದ ವಿಚಾರಿಸಿದ ಮೇಲೆಯೇ ಪತ್ರ ಬರೆಯುತ್ತೇವೆ. ಮನೆಬಿಟ್ಟು ದುಡಿಯುತ್ತಿರುವ ನಮ್ಮ ಹೆಣ್ಣುಮಕ್ಕಳ ಯೋಗಕ್ಷೇಮವನ್ನು ಮರಿಯಮ್ಮನವರ ಸೇನೆಯ ಸದಸ್ಯರು ತಿಂಗಳಿಗೊಮ್ಮೆ ವಿಚಾರಿಸುತ್ತಾರೆ. ಸಂಶಯ ಬಂದರೆ ಗುರುಗಳ ಅಪ್ಪಣೆಗೆ ಕಾಯಬೇಡಿರಿ. ಮಕ್ಕಳ ವಿಷಯಕ್ಕೆ 1098, ಯಾವುದೇ ತುರ್ತಿಗೆ 112 ಸಂಖ್ಯೆಗೆ ಕೂಡಲೇ ಕರೆಮಾಡಿರಿ. ನಿಮ್ಮ ಮನೆಗಳಲ್ಲಿ ಕೆಲಸಕ್ಕಿರುವ ಹುಡುಗಿಯರ ವಯಸ್ಸೆಷ್ಟು, ಸಂಬಳ ಯಾರ ಕೈಗೆ ಸೇರುತ್ತದೆ, ತಾಯಿಯೊಡನೆ ಮಾತನಾಡಲು ಅವರಿಗೆ ಅವಕಾಶವಿದೆಯೇ ಎಂದು ನೀವೂ ಆತ್ಮಪರೀಕ್ಷೆ ಮಾಡಿಕೊಳ್ಳಿರಿ. ಅವರೂ ಯಾವುದೋ ಊರಿನ ತಾಯಿಯ ಮಕ್ಕಳು.

ಒಳ್ಳೆಯ ಕುರಿಗಾಹಿಯು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆಂದು ಪ್ರಭು ಬೋಧಿಸಿದ್ದಾರೆ. ನೂರು ವರ್ಷಗಳಿಂದ ಈ ದೇವಾಲಯದ ಜ್ಞಾನಸ್ನಾನದ ತೊಟ್ಟಿಯ ಬಳಿ ನಾವು ಹೆಸರುಗಳನ್ನಿಟ್ಟು ಪುಸ್ತಕದಲ್ಲಿ ಬರೆಯುತ್ತಾ ಬಂದಿದ್ದೇವೆ. ಮುಂದಿನ ನೂರು ವರ್ಷಗಳಲ್ಲಿ ಯಾವ ಹೆಸರಿನ ಪಕ್ಕದಲ್ಲಿ ಅಂಚು ಖಾಲಿ ಉಳಿದರೂ, ಈ ಮಗಳು ಎಲ್ಲಿದ್ದಾಳೆ ಎಂದು ಕೇಳುವವರೊಬ್ಬರು ಈ ಊರಿನಲ್ಲಿರಲಿ. ಸಂತ ಬಖೀತಾರ ಬಿನ್ನಹದಿಂದ ಪ್ರಭು ನಿಮ್ಮೆಲ್ಲರ ಮನೆಗಳನ್ನೂ ಮಕ್ಕಳನ್ನೂ ಹರಸಲಿ.