ಮರಳಿಗೂ ಒಂದು ಎಲ್ಲೆ

ಭಾನುವಾರ ಬೆಳಗಾದರೆ ನಮ್ಮ ನಾಟ್ರಾಂಪಾಳ್ಯದ ಹಾದಿಯಲ್ಲಿ ಮೋಟಾರು ಬೈಕುಗಳ ಸದ್ದು ನಿಮಗೇನೂ ಹೊಸತಲ್ಲ. ಬೆಂಗಳೂರು, ಹೊಸೂರು ಕಡೆಯ ಯುವಕರು ಅಂಚೆಟ್ಟಿ ದಾಟಿ, ನಮ್ಮ ಊರಿನ ಮೇಲೆ ಹೊಗೇನಕಲ್ಲಿಗೆ ಹೋಗುತ್ತಾರೆ. ಹೋಗಲಿ, ರಸ್ತೆ ಎಲ್ಲರದು. ಆದರೆ ಕೆಲವರಿಗೆ ಡಾಂಬರು ರಸ್ತೆ ಸಾಲದು. ಹಳ್ಳದ ಮರಳಿಗೆ ಗಾಡಿ ಇಳಿಸಬೇಕು, ದಿಣ್ಣೆ ಹತ್ತಿಸಬೇಕು. ಅವರನ್ನು ನೋಡಿ ನಮ್ಮ ಹುಡುಗರಿಗೂ ಅದೇ ಆಸೆ. ಈ ಆಸೆ ತಪ್ಪೇ? ಖಂಡಿತ ತಪ್ಪಲ್ಲ. ಆದರೆ ಅದನ್ನು ತೀರಿಸಿಕೊಳ್ಳುವ ಜಾಗ ಯಾವುದು? ಅದೇ ಇವತ್ತಿನ ಮಾತು.

ನನ್ನ ಅಕ್ಕನ ಮಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾನೆ. ಚಳಿಗಾಲದ ರಜೆಯಲ್ಲಿ ಇಂಪೀರಿಯಲ್ ಮರಳು ದಿಬ್ಬಗಳಿಗೆ ಹೋಗಿಬಂದು ಫೋನಿನಲ್ಲಿ ವಿವರಿಸಿದ. ಮೆಕ್ಸಿಕೋ ಗಡಿಯ ಬಳಿ 60 ಕಿಲೋಮೀಟರಿಗೂ ಉದ್ದಕ್ಕೆ ಹಬ್ಬಿದ ಮರಳು. ಕೆಲವು ದಿಬ್ಬಗಳು 300 ಅಡಿ ಎತ್ತರ. ಅದರಲ್ಲಿ ಗಾಡಿ ಓಡಿಸುವ ಆಟಕ್ಕೆಂದೇ ಸರ್ಕಾರ ಜಾಗ ಗುರುತಿಸಿದೆ. ಹೋಗುವವರು ಹಣ ಕಟ್ಟಿ ಚೀಟಿ ಪಡೆಯಬೇಕು. ಗಾಡಿಗೆ ಉದ್ದನೆಯ ಕಡ್ಡಿ ಸಿಕ್ಕಿಸಿ ಅದರ ತುದಿಗೆ ಬಾವುಟ ಕಟ್ಟಬೇಕು. ಏಕೆಂದರೆ ದಿಬ್ಬದ ಆಚೆಯಿಂದ ಬರುವವನು ಕಾಣುವುದಿಲ್ಲ, ಅವನ ಬಾವುಟ ಮೊದಲು ಕಾಣುತ್ತದೆ. ಟೈರಿನ ಗಾಳಿಯನ್ನೂ ಸ್ವಲ್ಪ ಇಳಿಸುತ್ತಾರೆ. ಗಾಳಿ ಬಿಗಿಯಾಗಿದ್ದರೆ ಚಕ್ರ ಹೂತುಹೋಗುತ್ತದೆ. ಮೆತ್ತಗಿದ್ದರೆ ಅಗಲವಾಗಿ ಮರಳಿನ ಮೇಲೆ ತೇಲಿದಂತೆ ಸಾಗುತ್ತದೆ.

"ಮಾವ, ನನಗೆ ಆಶ್ಚರ್ಯ ಆದದ್ದು ಆ ಓಟ ನೋಡಿ ಅಲ್ಲ, ಒಂದು ರಸ್ತೆ ನೋಡಿ" ಎಂದ ಅವನು. 78ನೇ ಹೆದ್ದಾರಿ ಆ ಮರಳನ್ನು ಅಡ್ಡ ಹಾಯುತ್ತದೆ. ದಕ್ಷಿಣಕ್ಕೆ ಗಾಡಿಗಳ ಗದ್ದಲ. ಉತ್ತರಕ್ಕೆ ಸುಮಾರು 26,000 ಎಕರೆಯಲ್ಲಿ 1994ರಿಂದ ಗಾಡಿ ಇಳಿಸುವಂತಿಲ್ಲ. ಬೇಕಾದವರು ನಡೆದು ಹೋಗಬಹುದು. ಮರಳಿನಲ್ಲೇ ಬದುಕುವ ಹಲ್ಲಿಗಳೂ ಹೂಗಿಡಗಳೂ ಅಲ್ಲಿವೆ.

ನಾವು ಎರಡು ಮಾತಿನವರು. ಕನ್ನಡದಲ್ಲಿ ಮರುಭೂಮಿ ಎನ್ನುತ್ತೇವೆ, ತಮಿಳಿನಲ್ಲಿ ಪಾಲೈವನಂ. ಆ ತಮಿಳು ಮಾತನ್ನು ಬಿಡಿಸಿ ನೋಡಿ, ಅದರೊಳಗೆ ವನ ಇದೆ. ಬರಿದೆಂದು ಕಾಣುವ ನೆಲವೂ ಯಾವುದೋ ಜೀವದ ಮನೆಯೇ.

ಈಗ ನಮ್ಮ ಕಡೆ ತಿರುಗೋಣ. ತಮಿಳುನಾಡು ಸರ್ಕಾರ 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿ ಧಾಮವನ್ನೂ, 2022ರಲ್ಲಿ ಸುಮಾರು 686 ಚದರ ಕಿಲೋಮೀಟರಿನ ಕಾವೇರಿ ದಕ್ಷಿಣ ವನ್ಯಜೀವಿ ಧಾಮವನ್ನೂ ಘೋಷಿಸಿತು. ಹೊಳೆಯಾಚೆ ಕರ್ನಾಟಕದ ಕಾವೇರಿ ಧಾಮ. ಆನೆಗೆ ಇದೆಲ್ಲ ಒಂದೇ ಕಾಡು. ಹೊಳೆಯಲ್ಲಿ ನೀರುನಾಯಿ ಇದೆ, ಮೊಸಳೆ ಇದೆ, ಮೆದುಚಿಪ್ಪಿನ ಆಮೆ ಇದೆ. ಮೊಸಳೆ, ಆಮೆಗಳು ಮೊಟ್ಟೆ ಇಡುವುದು ದಡದ ಮರಳಿನಲ್ಲೇ. ಆ ಮರಳಿನ ಮೇಲೆ ಚಕ್ರ ಉರುಳಿದರೆ ಏನಾದೀತು, ನೀವೇ ಯೋಚಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಗಿನ ಹೆದ್ದಾರಿಯಲ್ಲಿ ಹಾದುಹೋಗಬಹುದು. ಆದರೆ ಹೊರಗಿನವರು ಮೋಜಿಗೆಂದು ರಸ್ತೆ ಬಿಟ್ಟು ಒಳಗೆ ಇಳಿಯಬೇಕಾದರೆ ಅನುಮತಿ ಬೇಕು. ಅದೇ 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಕೂಡ, ಸರ್ಕಾರಿ ನೆಲದಲ್ಲಿ ಇಂಥ ಗಾಡಿಗಳಿಗೆ ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು ಎಂದು ಗುರುತು ಮಾಡಲು ಆದೇಶ ಹೊರಡಿಸಿದ್ದರು.

ಹಾಗಾದರೆ ನಮ್ಮ ಹುಡುಗರು ಕೈಕಟ್ಟಿ ಕೂರಬೇಕೇ? ಬೇಡ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು. ಮಣ್ಣಿನ ಹಾದಿಯ ಸವಾರಿ ಕಲಿಸಲು ಕೋಲಾರದ ಕಡೆ ತರಬೇತಿ ತಾಣವನ್ನೂ ಕಟ್ಟಿದರು. ಬೆಂಗಳೂರಿನವರೇ ಆದ ಐಶ್ವರ್ಯ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. 2024ರ ಡಕಾರಿನಲ್ಲಿ ಕೇರಳದ ಹರಿತ್ ನೋವಾ ತಮ್ಮ ವರ್ಗದಲ್ಲಿ ಮೊದಲಿಗರಾದರು. ಅವರ ತಂಡದಲ್ಲಿ ನಮ್ಮ ಹೊಸೂರಿನಲ್ಲಿ ಕಾರ್ಖಾನೆ ಇರುವ ಟಿವಿಎಸ್ ಪಾಲುದಾರ. ಇವರು ಯಾರೂ ಆನೆಯ ದಾರಿಯಲ್ಲಿ ಓಡಿ ಹೆಸರು ಗಳಿಸಿದವರಲ್ಲ. ಕಲಿತು, ಗುರುತು ಮಾಡಿದ ಹಾದಿಯಲ್ಲಿ ಓಡಿದವರು.

ಇನ್ನೊಂದು ಮಾತು. ಅದೇ ಸಂತೋಷ್ 2021ರಲ್ಲಿ ಸೌದಿ ಅರೇಬಿಯಾದ ಮರುಭೂಮಿಯಲ್ಲಿ ಬಿದ್ದು ತಲೆಗೆ ಪೆಟ್ಟಾದಾಗ ಹೆಲಿಕಾಪ್ಟರ್ ಬಂದು ಆಸ್ಪತ್ರೆಗೆ ಒಯ್ದಿತು. ಅವರು ಚೇತರಿಸಿಕೊಂಡರು. ನಮ್ಮ ಹಳ್ಳದಲ್ಲಿ ಬಿದ್ದವನಿಗೆ ಯಾವ ಹೆಲಿಕಾಪ್ಟರ್? ಫೋನಿಗೆ ಸಿಗ್ನಲ್ ಸಿಗದ ಜಾಗದಿಂದ ಅವನನ್ನು ಹೊತ್ತು ತಂದು ಹೊಸೂರಿಗೆ ಸಾಗಿಸಲು ಎಷ್ಟು ಹೊತ್ತು ಬೇಕೆಂದು ನಿಮಗೇ ಗೊತ್ತು. ಹಟ್ಟಿಯ ದನ ಬೈಕಿನ ಸದ್ದಿಗೆ ಹಗ್ಗ ಕಿತ್ತುಕೊಂಡು ಓಡಿದ್ದನ್ನು ನಾನೇ ಕಂಡಿದ್ದೇನೆ. ಅದೇ ಸದ್ದಿಗೆ ಬೆದರಿದ ಆನೆ ಸಂಜೆ ಯಾರ ರಾಗಿ ಹೊಲಕ್ಕೆ ನುಗ್ಗೀತೋ ಯಾರು ಬಲ್ಲರು? ಬೈಕಿನವನು ಆ ಹೊತ್ತಿಗೆ ಬೆಂಗಳೂರು ಸೇರಿರುತ್ತಾನೆ. ರಾತ್ರಿ ಅಟ್ಟಣೆಯ ಮೇಲೆ ಕಾವಲು ಕೂರುವವರು ನಾವು.

ಆದ್ದರಿಂದ, ದೊಡ್ಡವರೇ, ಹೊರಗಿನವರು ದಾರಿ ಕೇಳಿದರೆ ಹೊಗೇನಕಲ್ಲಿನ ರಸ್ತೆ ತೋರಿಸಿ. ಹಳ್ಳದ ದಾರಿ ಕೇಳಿದರೆ ಕನ್ನಡದಲ್ಲೋ ತಮಿಳಿನಲ್ಲೋ ನಯವಾಗಿ "ಬೇಡಪ್ಪಾ" ಅನ್ನಿ. ತಮ್ಮಂದಿರೇ, ಹೆಲ್ಮೆಟ್ ಹಾಕಿ, ಲೈಸೆನ್ಸ್ ಮಾಡಿಸಿ, ಆಸೆಯಿದ್ದರೆ ತರಬೇತಿಗೆ ಸೇರಿ. ನಾಳೆ ನಿಮ್ಮಲ್ಲೊಬ್ಬರು ನಿಜವಾದ ಮರುಭೂಮಿಯಲ್ಲಿ ಓಡಿಸಿದರೆ, ಆ ಸುದ್ದಿಯನ್ನು ಇದೇ ರೇಡಿಯೋದಲ್ಲಿ ಹೇಳುವ ಸಂತೋಷ ನನಗಿರಲಿ.