ಮಡಿಕೆ ಎಲ್ಲಿ, ಬೆಸುಗೆ ಎಲ್ಲಿ

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ವಿದ್ಯುತ್ ಪ್ಯಾನೆಲ್ಲಿನ ತಗಡಿನ ಪೆಟ್ಟಿಗೆ ದಿನನಿತ್ಯದ ಕೆಲಸ. ಅದರ ಹಣೆಬರಹ ತೀರ್ಮಾನವಾಗುವುದು ಮಾತ್ರ ಕ್ಯಾಡ್ ಪರದೆಯ ಮೇಲೆ, ಯಾವ ಅಂಚನ್ನು ಮಡಿಸಬೇಕು, ಯಾವುದನ್ನು ವೆಲ್ಡ್ ಮಾಡಬೇಕು ಎಂದು ವಿನ್ಯಾಸಕಾರರು ನಿರ್ಧರಿಸುವಾಗ.

400 ಮಿ.ಮೀ. ಉದ್ದ, 300 ಅಗಲ, 200 ಎತ್ತರದ, ಮೇಲೆ ತೆರೆದಿರುವ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ತಳವನ್ನೂ ಉದ್ದನೆಯ ಎರಡು ಗೋಡೆಗಳನ್ನೂ ಒಂದೇ ಹಾಳೆಯಲ್ಲಿ ಮಡಿಸಿ, ಉಳಿದೆರಡನ್ನು ಬೇರೆ ಕತ್ತರಿಸಿ ಕೂಡಿಸಿದರೆ ಸುಮಾರು 1,400 ಮಿ.ಮೀ. ವೆಲ್ಡಿಂಗ್ ಬೇಕು. ನಾಲ್ಕೂ ಗೋಡೆಗಳನ್ನು ತಳದಿಂದಲೇ ಮೇಲೆತ್ತಿದರೆ ನಾಲ್ಕು ಮೂಲೆಗಳ 800 ಮಿ.ಮೀ. ಸಾಕು. ವೆಲ್ಡಿಂಗ್ ತಗ್ಗಿದಷ್ಟೂ ಶಾಖಕ್ಕೆ ತಗಡು ಸೊಟ್ಟಗಾಗುವುದು ಕಡಿಮೆ, ಗ್ರೈಂಡಿಂಗ್ ಶ್ರಮವೂ ಕಡಿಮೆ. ಗ್ರೈಂಡಿಂಗ್ ಯಂತ್ರ ಹಿಡಿದು ದಿನವಿಡೀ ನಿಲ್ಲುವ ಕೈಗಳಿಗೆ ಇದು ಸಣ್ಣ ಉಪಕಾರವಲ್ಲ.

ಹಾಗೆಂದು ಎಲ್ಲವನ್ನೂ ಮಡಿಸಿಬಿಡಲಾಗದು. ತಗಡು ಮಡಿಸುವ ಪ್ರೆಸ್ ಬ್ರೇಕ್ ಯಂತ್ರದ ಪಂಚ್ (ಮೇಲಿನಿಂದ ಒತ್ತುವ ಅಚ್ಚು), ಆಗಲೇ ಎದ್ದು ನಿಂತ ಎರಡು ಗೋಡೆಗಳ ನಡುವೆ ಇಳಿಯಬೇಕು. ಅದರ ಉದ್ದ, ಎತ್ತರ ಹೊಂದದಿದ್ದರೆ ಕೊನೆಯ ಮಡಿಕೆಗಳು ಆಗುವುದೇ ಇಲ್ಲ. ಮೂಲೆಗಳಲ್ಲಿ ಕತ್ತರಿಸಿ ಹೋಗುವ ನಾಲ್ಕು ಚೌಕಗಳ ತಗಡೂ ಲೆಕ್ಕಕ್ಕೆ ಬರುತ್ತದೆ.

ಮಡಿಕೆಯ ಜಾಗ ಬದಲಾದರೆ ಹಾಳೆಯ ಅಳತೆಯೂ ಬದಲಾಗುತ್ತದೆ. 2 ಮಿ.ಮೀ. ದಪ್ಪದ ತಗಡನ್ನು 2 ಮಿ.ಮೀ. ಒಳತ್ರಿಜ್ಯದಲ್ಲಿ 90 ಡಿಗ್ರಿ ಬಾಗಿಸುವಾಗ, ಕೆ-ಫ್ಯಾಕ್ಟರ್ (ಬಾಗಿದಾಗ ಉದ್ದ ಬದಲಾಗದ ಪದರ ಒಳಮೈಯಿಂದ ದಪ್ಪದ ಎಷ್ಟು ಪಾಲಿನಷ್ಟು ದೂರದಲ್ಲಿದೆ ಎಂಬ ಅನುಪಾತ) 0.44 ಎಂದಿಟ್ಟುಕೊಂಡರೆ, ಹೊರ ಅಳತೆಗಳ ಮೊತ್ತದಿಂದ ಪ್ರತಿ ಮಡಿಕೆಗೆ ಸುಮಾರು 3.5 ಮಿ.ಮೀ. ಕಳೆಯಬೇಕು. ವೆಲ್ಡ್ ಮಾಡುವ ಅಂಚಿಗೆ ಈ ಕಡಿತವಿಲ್ಲ. ಹಾಗಾಗಿ ಮಡಿಕೆಯೊಂದನ್ನು ಬೆಸುಗೆಯಾಗಿಸಿದೊಡನೆ ಬಿಚ್ಚಿದ ನಕ್ಷೆಯನ್ನು ಮತ್ತೆ ನೋಡಲೇಬೇಕು. ಬೆಸುಗೆಯ ಜಾಗ ಆರಿಸುವಾಗ ಪೆಟ್ಟಿಗೆ ಎಲ್ಲಿರುತ್ತದೆ ಎಂಬುದನ್ನೂ ನೋಡಬೇಕು: ಬಯಲಲ್ಲಿರುವುದಾದರೆ, ಬೆಸುಗೆಯನ್ನು ಮಳೆ ಬೀಳುವ ಮೇಲ್ಬದಿಯಿಂದ ಹಿಂಬದಿಗೆ ಸರಿಸುವುದು ಒಳ್ಳೆಯದು.