‘ಓವರ್‌ಎಕ್ಸ್‌ಪೋಸ್ಡ್’ ಅಂದ್ರೇನು? ಕಾಫಿ ಗಿಡಾನ ಕೇಳಿ

ಇವತ್ತಿನ ಪದ ‘ಓವರ್‌ಎಕ್ಸ್‌ಪೋಸ್ಡ್’.

ಫೋನಲ್ಲಿ ಫೋಟೊ ತೆಗೆಯೋರಿಗೆಲ್ಲ ಇದು ಗೊತ್ತು. ಬೆಳಕು ಜಾಸ್ತಿ ಬಿದ್ದು ಆಕಾಶ ಪೂರ್ತಿ ಬೆಳ್ಳಗಾದ ಫೋಟೊ. ಈಗ ಜಾಗಗಳಿಗೂ ಇದೇ ಪದ ಹಚ್ತೀವಿ. ‘ಮುಳ್ಳಯ್ಯನಗಿರಿನಾ? ಓವರ್‌ಎಕ್ಸ್‌ಪೋಸ್ಡ್ ಮಗಾ, ಬೇರೆ ಹೇಳು.’ ಅಂದ್ರೆ ಎಲ್ರೂ ನೋಡಾಯ್ತು, ಬೋರು. ಇಲ್ಲಿ ಲೆಕ್ಕ ಹಾಕಿರೋದು ನೋಡಿದವರ ಬೇಜಾರನ್ನ. ಬೆಟ್ಟ ಎಷ್ಟು ತಡ್ಕೊಂಡಿದೆ ಅನ್ನೋದು ಈ ಮಾತಲ್ಲಿ ಬರೋದೇ ಇಲ್ಲ.

ನಮ್ಮ ತೋಟದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಅರೇಬಿಕಾ ಗಿಡಕ್ಕೆ ನೆರಳು ಬೇಕು. ಮೇಲೆ ದೊಡ್ಡ ಮರಗಳು, ಕೆಳಗೆ ಹಾಲುವಾಣ. ನೆರಳು ತೆಳುವಾಗಿ ಕಾಂಡಕ್ಕೆ ಬಿಸಿಲು ಬಿತ್ತು ಅಂದ್ರೆ ಬಿಳಿ ಕಾಂಡಕೊರಕಕ್ಕೆ ಅದೇ ಬೇಕಾಗಿರೋದು. ತೊಗಟೆಯ ಬಿರುಕಲ್ಲಿ ಮೊಟ್ಟೆ ಇಡುತ್ತೆ, ಮರಿಹುಳು ಒಳಗೆ ಕೊರೀತಾ ಹೋಗುತ್ತೆ. ಹಾಗೆ ಹಾಳಾದ ಗಿಡಾನ ಕಿತ್ತು ಸುಡಬೇಕು. ಫೋಟೊ ಥರ ಇನ್ನೊಂದು ಸಲ ತೆಗೆಯೋಕಾಗಲ್ಲ.

ಹಾಗಂತ ಕತ್ತಲೆಯೂ ಆಗಲ್ಲ. ಮಳೆಗಾಲದಲ್ಲಿ ನೆರಳು ದಟ್ಟ ಆದ್ರೆ ಕೊಳೆರೋಗ. ಅದಕ್ಕೇ ಮಳೆಗೆ ಮುಂಚೆ ಮರಗಸಿ ಮಾಡ್ಸೋದು. ಪಕ್ಕದಲ್ಲೇ ಇರೋ ರೋಬಸ್ಟಾ ಅರೇಬಿಕಾಗಿಂತ ಜಾಸ್ತಿ ಬಿಸಿಲು ತಡೆಯುತ್ತೆ. ಬಿಸಿಲು ಒಂದೇ, ತಾಳಿಕೆ ಬೇರೆ. ‘ಓವರ್’ ಎಲ್ಲಿಂದ ಶುರು ಅಂತ ಹೇಳೋದು ಆ ಗಿಡ.

ಬೆಟ್ಟಕ್ಕೂ ಹಂಗೇ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರದ ಶಿಖರ. ದಾರಿ ಮಾತ್ರ ಕಿರಿದು, ಸುತ್ತ ಶೋಲಾ ಕಾಡು, ಹುಲ್ಲುಗಾವಲು. 2025ರ ಸೆಪ್ಟೆಂಬರ್‌ನಲ್ಲಿ ಜಿಲ್ಲಾಡಳಿತ ಆನ್‌ಲೈನ್ ಬುಕಿಂಗ್ ತಂತು: ಬೆಳಿಗ್ಗೆ 600 ವಾಹನ, ಮಧ್ಯಾಹ್ನ 600. ಕಳಸ ಕಡೆಯಿಂದ ಹತ್ತೋ ಕುದುರೆಮುಖ ಚಾರಣಕ್ಕೆ ದಿನಕ್ಕೆ 300 ಜನರ ಮಿತಿ. ಒಂಥರಾ ಇದು ಬೆಟ್ಟಕ್ಕೆ ನೆರಳು ಕಟ್ಟೋ ಕೆಲಸ.

ಆದ್ರೆ ‘ಬೇರೆ ಹೇಳು’ ಅನ್ನೋ ಮಾತಿಗೆ ಯಾವ ಮಿತಿನೂ ಇಲ್ಲ. ಮುಳ್ಳಯ್ಯನಗಿರಿ ಬೋರಾದ್ರೆ ಮೂಡಿಗೆರೆಯ ಎತ್ತಿನಭುಜ, ಅದಾದ್ಮೇಲೆ ಹೊರನಾಡು ಹತ್ರದ ಕ್ಯಾತನಮಕ್ಕಿ. ಆಮೇಲೆ ಇನ್ನೂ ಹೆಸರೇ ಕೇಳದ ಯಾವುದೋ ಗುಡ್ಡ.

ಮುಂದಿನ ಸಲ ರೀಲ್‌ಗೆ ಲೊಕೇಶನ್ ಹಾಕೋ ಮುಂಚೆ ಇಷ್ಟು ನೋಡಿ: ಅಲ್ಲಿಗೆ ಎರಡು ಗಾಡಿ ಎದುರುಬದುರು ಬಂದ್ರೆ ದಾರಿ ಇದ್ಯಾ? ಕಸ ಎತ್ತೋರು ಯಾರು? ಉತ್ತರ ಇಲ್ಲ ಅಂದ್ರೆ ಫೋಟೊ ಹಾಕಿ, ಜಾಗದ ಹೆಸರು ಬೇಡ. ಆ ಗುಡ್ಡಕ್ಕೂ ಸ್ವಲ್ಪ ನೆರಳಿರ್ಲಿ.